ಉಸಂಬರಾದ ಊಸರವಳ್ಳಿಗೆ ಮಾಚೇನಹಳ್ಳಿಯ ಮಂಜು

ಮಾಚೇನಹಳ್ಳಿ

ತಾಂಜಾನಿಯಾದ ಉಸಂಬರಾ ಬೆಟ್ಟಗಳಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಆರು ಊಸರವಳ್ಳಿಗಳನ್ನು ಸಾಕಿದ್ದರು. ಅವುಗಳಿಗೆ ನೀರು ಸಿಂಪಡಿಸುವ ಯಂತ್ರವನ್ನು ಇಲ್ಲಿಂದ ಒಯ್ದವರು ನಾನು ಮತ್ತು ನನ್ನ ಭಾವ. ನಾವು ಅಲ್ಲಿಂದ ಹೊರಡುವಾಗ ಒಂದು ಮಾತ್ರ ಉಳಿದಿತ್ತು. ಆ ದೇಶದಲ್ಲಿ ಬೇರೆ ಸಂಗತಿಗಳನ್ನೂ ನೋಡಿದ್ದೇನೆ, ಅವನ್ನೂ ಬರೆಯುತ್ತೇನೆ. ಆದರೆ ಶಿವಮೊಗ್ಗದ ಗೋಪಾಳದ ನಮ್ಮ ಬೀದಿಯವರು "ಆಫ್ರಿಕಾ ಹೇಗಿತ್ತು?" ಎಂದು ಕೇಳಿದಾಗ ನನಗೆ ಹೇಳಲು ತೋಚುವುದು ಇದೊಂದೇ.

ಭಾವ ಮಹೇಶ್ವರಪ್ಪನವರು ಭದ್ರಾವತಿಯವರು. ಅಲ್ಲಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ನಿಂತ ಮೇಲೆ ಮಾಚೇನಹಳ್ಳಿಯಲ್ಲಿ ಒಂದು ಶೆಡ್ ಹಿಡಿದು ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ತಯಾರಿಸತೊಡಗಿದರು. ಅವರ ಹಿತ್ತಾಳೆಯ ನಾಜಲ್‌ಗಳು ದಾರ್ ಎಸ್ ಸಲಾಮಿನ ಗುಜರಾತಿ ವ್ಯಾಪಾರಿಯೊಬ್ಬರ ಮೂಲಕ ಉಸಂಬರಾದ ಎಲೆಕೋಸು ಬೆಳೆಗಾರರಿಗೂ ಹೋಗುತ್ತವೆ. ಹಿಂದಿನ ವರ್ಷ ಬಳಕೆ ತೋರಿಸಿಕೊಡಲು ಹೋಗಿದ್ದಾಗ ಆ ಶಿಕ್ಷಕಿ ಪರಿಚಯವಾದರು. ಹೆಸರು ನೀಮಾ. ಬೇಸಿಗೆಯಲ್ಲಿ ಊಸರವಳ್ಳಿಗಳಿಗೆ ನೀರು ಸಿಂಪಡಿಸಲು ಕೈಪಂಪು ಒತ್ತಿ ಒತ್ತಿ ಅವರ ಬೆರಳು ಊದಿದ್ದನ್ನು ಭಾವ ನೋಡಿದ್ದರು. "ಮುಂದಿನ ಸಲ ಮಷೀನ್ ತರ್ತೀನಿ ಮೇಡಂ" ಎಂದು ಮಾತು ಕೊಟ್ಟು ಬಂದಿದ್ದರು.

ಮಾತಿನಂತೆ ಮಾಡಿದರು. ಎಲೆಯ ಮೇಲೆ ಇಬ್ಬನಿಯಂತೆ ಕೂರುವಷ್ಟು ಸಣ್ಣ ಹನಿ ಬರಬೇಕೆಂದು ನಾಜಲ್‌ಗಳನ್ನು ತಾವೇ ಕೊರೆದರು. ಹೊರಡುವ ಮುಂಚೆ ನಾನು ಶೆಡ್ಡಿಗೆ ಹೋದಾಗ, ಕಾರ್ಖಾನೆಯ ಕಾಲದಿಂದಲೂ ಅವರ ಜೊತೆಗಿರುವ ಸೆಲ್ವರಾಜ್ ಟ್ಯಾಂಕಿಗೆ ವಿಭೂತಿ ಹಚ್ಚಿ ತೆಂಗಿನಕಾಯಿ ಒಡೆಯುತ್ತಿದ್ದರು.

"ಓಡ್ಸಿ ನೋಡ್ದ್ಯಾ ಸೆಲ್ವಾ?" ಎಂದರು ಭಾವ.

"ಬೋರ್ಡೋ ಕುಡ್ಸಿ ನೋಡ್ದೆ ಸಾರ್. ಸೂಪರಾ ಬರ್ತಾ ಇದೆ. ಹೊಗೆ ಮಾದ್ರಿ!"

ಆ ಶೆಡ್ಡಿನಿಂದ ಹೊರಬೀಳುವ ಪ್ರತಿ ಯಂತ್ರಕ್ಕೂ ಮೊದಲ ಗುಟುಕು ಬೋರ್ಡೋ. ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ. ಅಡಿಕೆಗೆ ಕೊಳೆರೋಗ ಬಾರದಂತೆ ನಮ್ಮ ಕಡೆ ಎಲ್ಲರೂ ಹೊಡೆಯುವುದು. ಮಳೆಗೆ ತೊಳೆದು ಹೋಗಬಾರದೆಂದು ಅದಕ್ಕೆ ಅಂಟು ಬೆರೆಸುತ್ತಾರೆ. ಬರೀ ನೀರಿನಲ್ಲಿ ಪರೀಕ್ಷಿಸಿದ ಯಂತ್ರವನ್ನು ನಮ್ಮ ರೈತರು ನಂಬುವುದಿಲ್ಲ. ಆಮೇಲೆ ಎರಡು ಸಲ ನೀರು ಹಾಯಿಸಿ ತೊಳೆದರು. ಅದನ್ನೂ ನಾನು ನೋಡಿದೆ. ನೀರು ತಿಳಿಯಾಗಿಯೇ ಹೊರಬಂತು.

ದಾರ್ ಎಸ್ ಸಲಾಂ

ವಿಮಾನ ನಿಲ್ದಾಣದ ಅಧಿಕಾರಿ ಪೆಟ್ಟಿಗೆ ತೆರೆಸಿ ಹಿತ್ತಾಳೆ ನಾಜಲ್‌ಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದ. ಗುಂಡುಗಳೆಂದು ಅನುಮಾನ ಬಂದಿರಬೇಕು.

"ಇದು ಏನು ಮಾಡುತ್ತದೆ?"

"ಮಂಜು" ಎಂದರು ಭಾವ.

"ಎಲ್ಲಿಗೆ ಒಯ್ಯುತ್ತೀರಿ?"

"ಉಸಂಬರಾ."

ಅವನು ಪಕ್ಕದವನನ್ನು ಕರೆದು, ಮಂಜಿಗೇ ಹೆಸರಾದ ಉಸಂಬರಾಕ್ಕೆ ಮಂಜು ಮಾರಲು ಬಂದಿದ್ದಾರೆ ನೋಡು ಎಂದು ನಕ್ಕ. ಇದು ಕಿನ್ಯೊಂಗಾಗಳಿಗೆ, ಅಂದರೆ ಊಸರವಳ್ಳಿಗಳಿಗೆ ಎಂದು ಭಾವ ವಿವರಿಸಿದ ಕೂಡಲೇ ನಗು ನಿಂತಿತು. ನಾಜಲ್‌ಗಳನ್ನು ಪೆಟ್ಟಿಗೆಯೊಳಗೆ ಹಾಕಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆ ಪ್ರಾಣಿ ಕಂಡರೆ ಕೆಡುಕು ಎಂದು ಅಲ್ಲಿ ಬಹಳ ಜನ ನಂಬುತ್ತಾರೆ. ನಮ್ಮ ಭಯ ಬೇರೆ ಥರದ್ದು. ಭದ್ರಾವತಿಯಲ್ಲಿ ನಾನು ಹುಡುಗನಾಗಿದ್ದಾಗ ಬೇಲಿಯ ಮೇಲೆ ಗೋಸುಂಬೆ ಕಂಡರೆ ಕಲ್ಲು ಹುಡುಕುತ್ತಿದ್ದೆವು. ಪತ್ರಿಕೆಗೆ ಸೇರಿದ ಮೇಲೆ ಪಕ್ಷಾಂತರದ ಸುದ್ದಿ ಬಂದಾಗಲೆಲ್ಲ ಶೀರ್ಷಿಕೆಗೆ ಊಸರವಳ್ಳಿಯನ್ನು ಎಳೆದು ತರುತ್ತಿದ್ದೆವು. ಅದು ಬಣ್ಣ ಬದಲಿಸುವುದು ವಂಚಿಸಲಿಕ್ಕೆ ಎಂದೇ ನಾವು ತಿಳಿದಿದ್ದೆವು.

ಬಸ್ಸು ನಿಂತ ಕಡೆ ಊಟಕ್ಕೆ ಇಳಿದೆವು. ಉಗಾಲಿ ಎಂಬುದು ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಭಾವನ ಮುಖ ಅರಳಿತು. "ಮುದ್ದೆ ಸಿಕ್ತಲ್ಲ ಮಾರಾಯ, ಇನ್ನು ಎಷ್ಟು ದಿನ ಬೇಕಾದ್ರೂ ಇರ್ತೀನಿ" ಎಂದು ಸೊಪ್ಪಿನ ಪಲ್ಯಕ್ಕೆ ಅದ್ದಿದರು. ಎರಡನೇ ತುತ್ತಿಗೆ ಪಲ್ಯದೊಳಗಿನಿಂದ ಒಣಮೀನಿನ ಕಣ್ಣೊಂದು ಅವರನ್ನು ನೋಡಿತು. ಲಿಂಗ ಕಟ್ಟಿದ ಮನುಷ್ಯ, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಬಾಳೆಹಣ್ಣು ತಿಂದರು. "ನಿಮ್ಮಕ್ಕಂಗೆ ಹೇಳ್ಬೇಡ" ಎಂದರು. ಹೋಟೆಲಿನ ಹೆಂಗಸಿಗೆ ಬೇಸರವಾಗಿತ್ತು. ಅತಿಥಿಗಳೆಂದು ಮೀನು ಒಂದು ಹಿಡಿ ಜಾಸ್ತಿಯೇ ಹಾಕಿದ್ದಳಂತೆ.

ಲುಶೋಟೊ

ಲುಶೋಟೊ ಬೆಟ್ಟದ ಮೇಲಿನ ಸಣ್ಣ ಪಟ್ಟಣ. ಅಲ್ಲಿ ಯಾರೂ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ, ಎಲ್ಲಕ್ಕೂ ಒಳ್ಳೆಯದು ಎಂಬ ಉತ್ತರ ಪಡೆದು, ಆಮೇಲೆ ದಾರಿ ಹೇಳುತ್ತಾರೆ. ನಮ್ಮಲ್ಲಿ "ಊಟ ಆಯ್ತಾ" ಎಂದರೆ ಮುಗಿಯಿತು. ಹಿರಿಯರಿಗೆ "ಶಿಕಮೊ" ಎನ್ನಬೇಕೆಂದು ಕಲಿತ ಭಾವ ಸಿಕ್ಕಸಿಕ್ಕವರಿಗೆಲ್ಲ ಹಾಗೆಂದರು. ಶಾಲೆಗೆ ಹೋಗುವ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ಓಡಿದರು.

ಬೆಟ್ಟಗಳ ಇಳಿಜಾರಿನಲ್ಲೆಲ್ಲ ಎಲೆಕೋಸು, ಆಲೂಗಡ್ಡೆ, ಹುರುಳಿಕಾಯಿ. ರಸ್ತೆಯ ಅಂಚಿಗೆ ನೀಲಗಿರಿ ಮರಗಳ ಸಾಲು. ಭದ್ರಾವತಿ ಕಡೆಯ ನೆಡುತೋಪುಗಳದ್ದೇ ವಾಸನೆ. ಹಳೆಯ ಕಾಡು ನೆತ್ತಿಗಳ ಮೇಲೆ ಮಾತ್ರ ಉಳಿದಿದೆ. ಶಿವಮೊಗ್ಗದ ರಾಗಿಗುಡ್ಡವನ್ನು ಮನೆಗಳು ಸುತ್ತುವರಿದ ಹಾಗೆ ಹೊಲಗಳು ಆ ನೆತ್ತಿಗಳನ್ನು ಸುತ್ತುವರಿದಿವೆ. ಒಂದು ನೆತ್ತಿಯಿಂದ ಇನ್ನೊಂದಕ್ಕೆ ಹಕ್ಕಿ ಹಾರಬಹುದು. ಗಂಟೆಗೆ ಒಂದು ಕೊಂಬೆ ದಾಟುವ ಪ್ರಾಣಿ ಕೋಸಿನ ಹೊಲವನ್ನು ದಾಟಲಾರದು.

ಬಾಡಿಗೆ ಬೈಕಿನವನು ನಮ್ಮ ಪೆಟ್ಟಿಗೆಯನ್ನು ನೀಮಾ ಟೀಚರ್ ಮನೆಯ ತಿರುವಿನಲ್ಲೇ ಇಳಿಸಿ ಹಿಂದಿರುಗಿದ. ಗೇಟಿನವರೆಗೆ ಬರಲು ಒಪ್ಪಲಿಲ್ಲ. ಟ್ಯಾಂಕನ್ನು ಭಾವ ತಲೆಯ ಮೇಲೆ ಹೊತ್ತರು.

ಟೀಚರ್ ಮನೆ

ನೀಮಾ ಟೀಚರ್ ಎತ್ತರದ ಹೆಂಗಸು. ಹಳ್ಳಿಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವರು. ಇಂಗ್ಲಿಷನ್ನು ಪಾಠ ಓದಿಸುವಂತೆ ಬಿಡಿಸಿ ಬಿಡಿಸಿ ಆಡುತ್ತಾರೆ.

"ಮಹೇಶ್, ನೀವು ಬಂದಿರಿ. ಬರುತ್ತೇನೆಂದು ಹೇಳಿ ಹೋದವರಲ್ಲಿ ಬಂದವರು ನೀವೊಬ್ಬರೇ" ಎಂದರು. ನನ್ನತ್ತ ತಿರುಗಿ, "ಇವರು ಪತ್ರಿಕೆಯವರೇ? ಹಾಗಾದರೆ ದೂರ ನಿಂತು ನೋಡಲಿ. ಪತ್ರಿಕೆಯವರಿಗೆ ಮುಟ್ಟುವ ಚಟ" ಎಂದರು.

ಆರು ಪ್ರಾಣಿಗಳೂ ಒಂದೇ ನೆತ್ತಿಯ ಕಾಡಿನವು. ಆಲೂಗಡ್ಡೆಗೆಂದು ಆ ಕಾಡನ್ನು ಕಡಿದು ಸುಟ್ಟಾಗ ಅಂಚಿನ ಪೊದೆಗಳಲ್ಲಿ ಅವರಿಗೆ ಸಿಕ್ಕಿದ್ದವು. ಸಾಕಲು ಇಲಾಖೆಯ ಅನುಮತಿ ಪಡೆದಿದ್ದರು. ಈ ಜಾತಿಯ ಊಸರವಳ್ಳಿಗಳು ಬೇರೆ ನೆತ್ತಿಗಳಲ್ಲೂ ಇವೆ. ಆ ನೆತ್ತಿಯವು ಎಂದರೆ ಈ ಆರೇ. ಮರಿ ಮಾಡಿಸಿ ರಕ್ಷಿತ ಕಾಡಿಗೆ ಬಿಡಬೇಕೆಂಬುದು ಟೀಚರ್ ಆಸೆ. ಹಿಂದೆ ಒಮ್ಮೆ ಇಟ್ಟ ಮೊಟ್ಟೆಗಳು ಬೇಸಿಗೆಯ ಬಿಸಿಗೆ ಕೆಟ್ಟಿದ್ದವು. ಈಗ ಒಂದು ಹೆಣ್ಣು ಮತ್ತೆ ಬಸುರಾಗಿತ್ತು.

ಮನೆಯ ಹಿಂದಿನ ಜಗಲಿಯಲ್ಲಿ ಬಲೆ ಹೊದಿಸಿದ ಗೂಡುಗಳು, ಒಳಗೆ ಕುಂಡದ ಗಿಡಗಳು. ಗಾಜಿನ ಪೆಟ್ಟಿಗೆಯಲ್ಲಿ ಇವು ಬದುಕುವುದಿಲ್ಲ, ಗಾಳಿ ಆಡಬೇಕು. ರಾತ್ರಿ ನಮಗೆ ಕಂಬಳಿ ಬೇಕೆನಿಸುವಷ್ಟು ಚಳಿ ಬೇಕು. ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನ ಒಂದೇ ಸಾಕು ಇವನ್ನು ಮುಗಿಸಲು. ಗಂಡಿನ ಮೂಗಿನ ಮೇಲೆ ಎರಡು ಕೊಂಬು, ಚಪ್ಪಟೆ, ಗರಗಸದ ಅಂಚು. ಎರಡು ಗಂಡುಗಳು ಒಂದಕ್ಕೊಂದು ಕಂಡರೂ ಸಾಕು, ಕೊರಗಿ ಮೇವು ಬಿಡುತ್ತವೆ. ಹೆಣ್ಣಿಗೆ ಕೊಂಬು ಇಲ್ಲ.

"ಬಣ್ಣ ಬದಲಿಸುವುದು ಅಡಗಿಕೊಳ್ಳಲು ಅಲ್ಲ" ಎಂದರು ಟೀಚರ್. "ಚಳಿಯಾದರೆ, ಸಿಟ್ಟು ಬಂದರೆ, ಭಯವಾದರೆ, ಗಂಡು ಬೇಡವೆನಿಸಿದರೆ ಮೈಯಲ್ಲಿ ಹೇಳುತ್ತದೆ. ಸುಳ್ಳು ಹೇಳಲು ಬಾರದ ಪ್ರಾಣಿ."

ಬಸುರಾದ ಹೆಣ್ಣು ಎಲೆಯ ನೆರಳಿನಲ್ಲಿ ಕೊಂಬೆಯನ್ನು ಇಕ್ಕಳದಂಥ ಪಾದಗಳಿಂದ ಹಿಡಿದು ಕೂತಿತ್ತು. ಒಂದು ಕಣ್ಣು ಭಾವನನ್ನು, ಇನ್ನೊಂದು ನನ್ನನ್ನು ನೋಡುತ್ತಿತ್ತು. ಭಾವ ಅದಕ್ಕೆ ಏನು ಹೆಸರೆಂದು ಕೇಳಿದರು.

"ಹೆಸರಿಟ್ಟಿಲ್ಲ. ಹೆಸರಿಟ್ಟರೆ ಎತ್ತಿಕೊಳ್ಳಬೇಕೆನಿಸುತ್ತದೆ. ಎತ್ತಿಕೊಂಡರೆ ಇವು ಹೆದರಿ ಸಾಯುತ್ತವೆ."

ಬಟ್ಟಲಲ್ಲಿಟ್ಟ ನೀರು ಇವುಗಳ ಕಣ್ಣಿಗೆ ನೀರೇ ಅಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನಾಲಿಗೆಯಿಂದ ಒತ್ತಿ ಕುಡಿಯಬೇಕು. ಕಾಡು ಇದ್ದಾಗ ಮಂಜು ಆ ಕೆಲಸ ಮಾಡುತ್ತಿತ್ತು. ಕಾಡು ಸರಿದ ಹಾಗೆ ಮಂಜೂ ಮೇಲಕ್ಕೆ ಸರಿಯಿತು ಎನ್ನುತ್ತಾರೆ ಟೀಚರ್.

ಆ ದಿನ ಸಂಜೆಯೊಳಗೆ ಭಾವ ಪೈಪು ಜೋಡಿಸಿ ಮೋಟಾರು ಒತ್ತಿದರು. ಜಗಲಿಯ ಉದ್ದಕ್ಕೂ ಬಿಳಿ ಮಂಜು ಇಳಿಯಿತು. ಆರೂ ಪ್ರಾಣಿಗಳು ತಲೆ ಎತ್ತಿದವು. ಬಸುರಾದದ್ದು ಎಲೆಯ ತುದಿಗೆ ಬಾಯಿ ಹಚ್ಚಿ ಬಹಳ ಹೊತ್ತು ಕುಡಿಯಿತು. ಟೀಚರ್ ತಮ್ಮ ಊದಿದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದರು. ಭಾವ ಕನ್ನಡದಲ್ಲೇ ಅವರಿಗೆ ಹೇಳಿದರು: "ಇನ್ನು ನೀವು ಪಂಪು ಒತ್ತೋ ಹಂಗಿಲ್ಲಕ್ಕ."

ಕೋಸಿನ ಹೊಲಗಳು

ಮುಂದಿನ ಕೆಲವು ದಿನ ಭಾವನ ಜೊತೆ ಹೊಲಗಳಿಗೆ ಹೋದೆ. ರೈತರು ಸ್ಪ್ರೇಯರ್ ನೋಡಲು ಬರುತ್ತಿದ್ದರು, ಬಂದು ಮನೆಯವರ ಕ್ಷೇಮ ವಿಚಾರಿಸುತ್ತಿದ್ದರು. ಭಾವ ಭದ್ರಾವತಿಯ ಇಂಗ್ಲಿಷಿನಲ್ಲಿ, ಅವರು ಸ್ವಾಹಿಲಿಯಲ್ಲಿ, ಇಬ್ಬರೂ ನಾಜಲ್ ಬಿಚ್ಚಿ ಜೋಡಿಸಿ ತೋರಿಸಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಿದ್ದರು. ಯಾರ ಹೊಲದಲ್ಲೂ ಊಸರವಳ್ಳಿ ಕಾಣಲಿಲ್ಲ.

ಒಂದು ಬೆಳಿಗ್ಗೆ ಟೀಚರ್ ಮನೆಗೆ ಹೋದಾಗ ಅವರು ಕ್ಷೇಮ ವಿಚಾರಿಸಲಿಲ್ಲ. ಒಂದು ಹೆಣ್ಣು ಗೂಡಿನ ತಳದಲ್ಲಿ ಬಿದ್ದು ಸತ್ತಿತ್ತು. ಕಣ್ಣುಗಳು ಒಳಕ್ಕೆ ಹೋಗಿದ್ದವು. ಉಳಿದವು ಮಿಡತೆಯನ್ನು ಮುಟ್ಟಿರಲಿಲ್ಲ. ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದ ಮಿಡತೆಗಳು ಬಲೆಯ ಮೇಲೆ ಹಾಗೇ ಓಡಾಡುತ್ತಿದ್ದವು. ದೊಡ್ಡ ಗಂಡು ಕಪ್ಪಾಗಿತ್ತು. ಅದರ ಹಸಿರು ಎಲ್ಲಿತ್ತೆಂದು ಹುಡುಕುವಂತಿತ್ತು.

"ಚಳಿ ಜಾಸ್ತಿಯಾಯಿತೇ? ಬೆಳಕು ಕಡಿಮೆಯಾಯಿತೇ?" ಟೀಚರ್ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಪಟ್ಟಣದ ಪಶುವೈದ್ಯರಿಗೆ ಫೋನ್ ಮಾಡಿದರು. ಅವರು ಆಡು, ದನಗಳ ವೈದ್ಯರು. ಚೆನ್ನಾಗಿ ನೀರು ಕುಡಿಸಿ ಎಂದರಂತೆ.

ಭಾವ ಕೂಡಲೇ ಯಂತ್ರ ಹಾಕಿದರು. ಇನ್ನಷ್ಟು ಮಂಜು ಇಳಿಯಿತು. ಆ ದಿನ ಮೂರು ಸಲ ಹಾಕಿದರು. ಬಾಯಾರಿದ ಪ್ರಾಣಿಗಳು ಕುಡಿದವು.

ಮರುದಿನ ಎರಡು ಗಂಡುಗಳಲ್ಲಿ ದೊಡ್ಡದು ಸತ್ತಿತು, ಇನ್ನೊಂದು ಹೆಣ್ಣೂ ಸತ್ತಿತು.

ಮತ್ತೆ ಟೀಚರ್ ಮನೆ

ಅಂದು ಮಧ್ಯಾಹ್ನ ಒಂದು ನಾಜಲ್ ಕಟ್ಟಿಕೊಂಡಿತು. ಭಾವ ಜಗಲಿಯ ಮೆಟ್ಟಿಲ ಮೇಲೆ ಕೂತು ಫಿಲ್ಟರ್ ಬಿಚ್ಚಿದರು. ನಾನು ಪಕ್ಕದಲ್ಲಿದ್ದೆ. ಜಾಲರಿಯ ಒಳಮೈಗೆ ತಿಳಿ ನೀಲಿ ಬಣ್ಣದ ಪದರು ಅಂಟಿತ್ತು. ಅವರು ಉಗುರಿನಿಂದ ಕೆರೆದರು. ಆಮೇಲೆ ಪೈಪಿನ ಒಂದು ತುಂಡನ್ನು ಉದ್ದಕ್ಕೆ ಸೀಳಿದರು. ಒಳಗೂ ನೀಲಿ. ಟ್ಯಾಂಕಿನ ತಳದ ಮೂಲೆಗಳಲ್ಲೂ ನೀಲಿ.

"ಏನ್ ಭಾವ?" ಎಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

"ನಮ್ದೇ ಬೋರ್ಡೋ" ಎಂದರು. "ನಮ್ ಅಂಟು ಕಣೋ. ಮಳೆಗೇ ಹೋಗಲ್ಲ ಅಂತ ಎಲ್ಲರ ಹತ್ರ ಹೇಳ್ಕಂಡು ಬಂದಿದೀನಿ. ಎರಡ್ ಸಲ ನೀರಿಗೆ ಎಲ್ಲಿಂದ ಹೋಗುತ್ತೆ?"

ಬೆಟ್ಟದ ನೀರಿಗೆ ಅದು ದಿನಕ್ಕಿಷ್ಟು ಕರಗಿ ಬಂದಿರಬೇಕು. ಇದು ನಮ್ಮ ಊಹೆ. ಸತ್ತ ಪ್ರಾಣಿಗಳನ್ನು ಕೊಯ್ದು ಪರೀಕ್ಷಿಸುವ ಅನುಕೂಲ ಅಲ್ಲಿ ಇರಲಿಲ್ಲ. ನಾನು ಆ ಮಾತನ್ನೇ ಹೇಳಿದೆ: ಖಚಿತವಾಗಿ ಗೊತ್ತಿಲ್ಲ, ಬೇರೆ ಕಾರಣವೂ ಇರಬಹುದು, ಸ್ವಲ್ಪ ತಡೆಯಿರಿ. ಭಾವ ನನ್ನ ಮುಖ ನೋಡಿ, "ನೀನು ಪೇಪರ್‌ನಲ್ಲಿ ಹಂಗೇ ಬರಿ ಮಾರಾಯ. ನಾನು ಹೋಗಿ ಹೇಳ್ತೀನಿ" ಎಂದು ಎದ್ದರು.

ಟೀಚರ್ ಅಡುಗೆಮನೆಯ ಬಾಗಿಲಲ್ಲಿದ್ದರು. ಭಾವ ಫಿಲ್ಟರನ್ನು ಅವರ ಕೈಗೆ ಕೊಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಾಮ್ರದ ಔಷಧಿ, ನಮ್ಮ ಪದ್ಧತಿ, ತೊಳೆದದ್ದು ಸಾಲಲಿಲ್ಲ. ಅವರ ಇಂಗ್ಲಿಷ್ ಮುರಿದ ಕಡೆ ನಾನು ಸೇರಿಸಿದೆ. ಟೀಚರ್ ಫಿಲ್ಟರನ್ನು ಬೆಳಕಿಗೆ ಹಿಡಿದರು.

"ನಿಮ್ಮ ಊರಿನಲ್ಲಿ ಇದನ್ನು ಮರಗಳಿಗೆ ಹೊಡೆಯುತ್ತೀರಿ."

"ಹೌದು ಮೇಡಂ."

"ಹೊಡೆದ ಮೇಲೆ ಆ ತೋಟಗಳಲ್ಲಿ ಊಸರವಳ್ಳಿ ಇರುತ್ತವೆಯೇ?"

ಭಾವ ನನ್ನನ್ನು ನೋಡಿದರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಜಿಲ್ಲೆಯ ಕೃಷಿ ವರದಿಗಳನ್ನು ವರ್ಷಗಟ್ಟಲೆ ತಿದ್ದಿದ್ದೇನೆ.

"ನಾವು ನೋಡಿಲ್ಲ ಮೇಡಂ" ಎಂದರು ಭಾವ.

ಟೀಚರ್ ಕೂಗಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಅವರು ಕೊಡ ಎತ್ತಿಕೊಂಡು ನೀರಿನ ಒರತೆಗೆ ಹೊರಟರು. ಭಾವ ಹಿಂದೆಯೇ ಓಡಿ ಕೊಡ ಇಸಿದುಕೊಂಡರು. ಸಂಜೆಯವರೆಗೆ ಮೂವರೂ ಗೂಡುಗಳನ್ನು ತೊಳೆದೆವು, ಗಿಡಗಳನ್ನು ಕಿತ್ತು ಬೇರೆ ಗಿಡ ಇಟ್ಟೆವು, ಎಲೆಗಳನ್ನು ಒಂದೊಂದಾಗಿ ಒರೆಸಿದೆವು. ಉಳಿದವಕ್ಕೆ ಟೀಚರ್ ಹನಿಗೊಳವೆಯಿಂದ ಮೂತಿಯ ಮೇಲೆ ಹನಿ ಬಿಟ್ಟರು. ಆ ಬೆರಳುಗಳಿಗೆ ಅದನ್ನು ಒತ್ತುವುದು ಕಷ್ಟವಾಗುತ್ತಿತ್ತು. ನಾವು ಒತ್ತುತ್ತೇವೆಂದರೆ ಕೊಡಲಿಲ್ಲ.

ಮಣ್ಣಿನ ತೊಟ್ಟಿ

ಹೆಣ್ಣು ಊಸರವಳ್ಳಿ ಮೊಟ್ಟೆಯಿಡಲು ಮರದಿಂದ ನೆಲಕ್ಕೆ ಇಳಿಯುತ್ತದೆ. ಇಲ್ಲಿ ತೋಡಿ, ಅಲ್ಲಿ ತೋಡಿ, ಮಣ್ಣಿನ ತೇವ ಒಪ್ಪಿಗೆಯಾದ ಮೇಲೆ ಆಳಕ್ಕೆ ಹೋಗುತ್ತದೆ. ತೋಡುವಾಗ ಯಾರಾದರೂ ಕಂಡರೆ ಕೆಲಸ ಬಿಟ್ಟುಬಿಡುತ್ತದೆ. ಮೊಟ್ಟೆ ಒಳಗೇ ಉಳಿದರೆ ಅದರ ಜೀವವೂ ಹೋಗುತ್ತದೆ. ಟೀಚರ್ ಇದಕ್ಕಾಗಿಯೇ ಗೂಡಿನ ತಳದಲ್ಲಿ ಆಳದ ಮಣ್ಣಿನ ತೊಟ್ಟಿ ಇಟ್ಟಿದ್ದರು.

ಬಸುರಾದದ್ದು ಆ ಸ್ಥಿತಿಯಲ್ಲೂ ಕೆಳಗಿಳಿಯಿತು. ಟೀಚರ್ ಗೂಡಿಗೆ ಕಂಬಳಿ ಇಳಿಬಿಟ್ಟರು. ಬಟ್ಟೆಯ ಒಂದು ಸೀಳಿನಿಂದ ಸರದಿಯಲ್ಲಿ ನೋಡಿದೆವು. ಮುಂಗಾಲಿನಿಂದ ಮಣ್ಣು ಎಳೆದು ಹಿಂಗಾಲಿನಿಂದ ತಳ್ಳುತ್ತಿತ್ತು. ಸ್ವಲ್ಪ ತೋಡಿ, ತಲೆಯನ್ನು ಮಣ್ಣಿಗಿಟ್ಟು ಕಣ್ಣು ಮುಚ್ಚುತ್ತಿತ್ತು. ಮತ್ತೆ ತೋಡುತ್ತಿತ್ತು. ಭಾವ ಕೆಮ್ಮು ಬಂದಾಗಲೆಲ್ಲ ಎದ್ದು ರಸ್ತೆಯವರೆಗೆ ಹೋಗಿ ಕೆಮ್ಮಿ ಬರುತ್ತಿದ್ದರು.

ಅದು ಮೊಟ್ಟೆಯಿಟ್ಟಿತು. ಆದರೆ ಗುಂಡಿ ಮುಚ್ಚಲಿಲ್ಲ. ಮುಚ್ಚುವುದಕ್ಕೆಂದು ತಿರುಗಿ, ಮಣ್ಣಿಗೆ ಕೈ ಇಟ್ಟ ಹಾಗೆಯೇ ನಿಶ್ಚಲವಾಯಿತು. ಟೀಚರ್ ಬಹಳ ಹೊತ್ತು ಕಾದು ಕಂಬಳಿ ಸರಿಸಿದರು. ಪ್ರಾಣಿಯನ್ನು ಎತ್ತಿದರು. ಅವರು ಒಂದನ್ನು ಕೈಯಲ್ಲಿ ಎತ್ತಿಕೊಂಡದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಮೊಟ್ಟೆಗಳನ್ನು ಮೇಲು-ಕೆಳಗು ಬದಲಾಗದಂತೆ ಒಂದೊಂದಾಗಿ ತೆಗೆದು, ತೇವದ ಮಣ್ಣು ತುಂಬಿದ ಡಬ್ಬಿಯಲ್ಲಿ ಸಾಲಾಗಿ ಇಟ್ಟು ಮನೆಯ ತಂಪಾದ ಮೂಲೆಯಲ್ಲಿರಿಸಿದರು. ಒಡೆಯಲು ತಿಂಗಳುಗಳು ಬೇಕು. ಉಳಿದ ಒಂದು ಹೆಣ್ಣು ನಾವು ಹೊರಡುವ ಹಿಂದಿನ ದಿನ ಸತ್ತಿತು. ಸಣ್ಣ ಗಂಡು ಮಾತ್ರ ಚೇತರಿಸಿಕೊಂಡು ಮಿಡತೆ ಹಿಡಿಯಿತು. ಅದರ ನಾಲಿಗೆ ಹೊರಬಂದದ್ದು ಕಣ್ಣಿಗೆ ಕಾಣಲೇ ಇಲ್ಲ. ಮಿಡತೆ ಇದ್ದ ಜಾಗ ಬರಿದಾಯಿತು.

ಬೀಳ್ಕೊಡುವಾಗ ಟೀಚರ್ ನಮ್ಮ ಮನೆಯವರನ್ನು, ಕೆಲಸವನ್ನು, ಆರೋಗ್ಯವನ್ನು ಮರೆಯದೆ ವಿಚಾರಿಸಿದರು. ಒಳ್ಳೆಯದು, ಒಳ್ಳೆಯದು ಎಂದು ನಾವು ಉತ್ತರಿಸಿದೆವು.

ಭದ್ರಾವತಿ

ಊರಿಗೆ ಬಂದ ಮೇಲೆ ಭಾವ ವಾರಕ್ಕೊಮ್ಮೆ ಟೀಚರಿಗೆ ಫೋನ್ ಮಾಡುತ್ತಿದ್ದರು. ಮೊಟ್ಟೆ ಹೇಗಿವೆ ಎಂದು ಒಂದು ಪ್ರಶ್ನೆ, ಹಾಗೇ ಇವೆ ಎಂದು ಒಂದು ಉತ್ತರ. ಒಮ್ಮೆ ಒಂದಕ್ಕೆ ಬೂಷ್ಟು ಬಂದಿದೆ, ತೆಗೆದು ಎಸೆದೆ ಎಂದರು. ಆಮೇಲೆ ಇನ್ನೊಂದು. ಭಾವ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ, ಕೆಲಸ ನಿಲ್ಲಿಸಲಿಲ್ಲ. ಊಟಕ್ಕೆ ಕೂತಾಗ ಮಾತ್ರ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಾರೆ ಎಂದು ಅಕ್ಕ ನನಗೆ ಹೇಳಿದಳು.

ಕಳೆದ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಭಾವ ಫೋನನ್ನು ಸ್ಪೀಕರಿಗೆ ಹಾಕಿದರು.

"ಮೊಟ್ಟೆಗಳೆಲ್ಲವೂ ಗುಳಿಬಿದ್ದು ಕೆಟ್ಟಿವೆ ಮಹೇಶ್" ಎಂದರು ಟೀಚರ್. "ಒಂದನ್ನು ಬಿಡಿಸಿ ನೋಡಿದೆ. ಒಳಗೆ ಮರಿ ಆಗಿತ್ತು. ಬೆಳೆದಿರಲಿಲ್ಲ."

ಅಕ್ಕ ಅಡುಗೆಮನೆಯಿಂದ ಬಂದು ಗೋಡೆಗೆ ಒರಗಿ ನಿಂತಳು. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಗಂಡನ ಮುಖ ನೋಡುತ್ತಿದ್ದಳು.

"ಗಂಡು?" ಎಂದು ನಾನೇ ಕೇಳಿದೆ.

"ಇಲಾಖೆಯವರನ್ನು ಕೇಳಿ ರಕ್ಷಿತ ಕಾಡಿನಲ್ಲಿ ಬಿಟ್ಟು ಬಂದೆ. ಕೊಂಬೆಯ ಮೇಲೆ ಇಟ್ಟೆ, ಎಲೆಯೊಳಗೆ ಹೋಯಿತು. ಇನ್ನೊಂದು ಸಲ ನೋಡಿದರೆ ನನಗೆ ಅದರ ಗುರುತು ಸಿಗುವುದಿಲ್ಲ."

ಆ ಕಡೆ ಕೋಳಿಯೊಂದು ಕೂಗಿದ್ದು ಕೇಳಿಸಿತು.

"ನಾನು ಇನ್ನೊಂದ್ ಸಲ ಬರ್ತೀನಿ ಮೇಡಂ" ಎಂದರು ಭಾವ. "ಏನು ತರ್ಬೇಕು ಹೇಳಿ. ಏನು ಮಾಡ್ಬೇಕು ಹೇಳಿ, ಮಾಡ್ತೀನಿ."

ಅವರು ಕನ್ನಡದಲ್ಲಿ ಮಾತಾಡಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ.

"ಬನ್ನಿ. ನೀವು ಯಾವಾಗ ಬಂದರೂ ಊಟ ಹಾಕುತ್ತೇನೆ" ಎಂದರು ಟೀಚರ್. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಪಾಠ ಮುಗಿಸಿದವರಂತೆ ಬಿಡಿಸಿ ಹೇಳಿದರು: "ಮಾಡಲಿಕ್ಕೆ ಇಲ್ಲಿ ಈಗ ಏನೂ ಇಲ್ಲ ಮಹೇಶ್."

ಅದನ್ನು ನಾನು ಭಾವನಿಗೆ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.